ಹೆಲಿಕಾಪ್ಟರ್ ಬಂದದ್ದು ಐದನೇ ದಿನ

ಕಾಡ್ಗಿಚ್ಚು ಆರಿಸಲು ಹೊಸ ರಾಷ್ಟ್ರೀಯ ಪಡೆಯೊಂದು ಬೇಕು ಅನ್ನುವವರು, ಬಂಡೀಪುರಕ್ಕೆ ಬೆಂಕಿ ಬಿದ್ದಾಗ ಫೈರ್ ಎಂಜಿನ್ ಎಲ್ಲಿರುತ್ತದೆ ಅಂತ ಕೇಳುತ್ತಾರೆ. ರಸ್ತೆಯಲ್ಲೇ ನಿಂತಿರುತ್ತದೆ. ಪೈಪು ಎಷ್ಟು ದೂರ ಹೋಗುತ್ತದೋ ಅಷ್ಟೇ ಅದರ ಕೆಲಸ. ಗುಡ್ಡದ ಮೇಲೆ ಲಂಟಾನ ಪೊದೆ ಉರಿಯುತ್ತಿದ್ದರೆ ಜನವೇ ಹತ್ತಿ ಹೋಗಬೇಕು.

ನಾನು ಗುಂಡ್ಲುಪೇಟೆ ತಾಲ್ಲೂಕಿನವನು. ಇಲ್ಲಿಂದ ಒಂದು ರಸ್ತೆ ಕೇರಳದ ಸುಲ್ತಾನ್ ಬತ್ತೇರಿಗೆ, ಇನ್ನೊಂದು ತಮಿಳುನಾಡಿನ ಊಟಿಗೆ. ನಡುವೆ ಇರುವುದು ಒಂದೇ ಕಾಡು, ಹೆಸರು ಮಾತ್ರ ಮೂರು: ಈಚೆ ಬಂಡೀಪುರ, ಆಚೆ ಮುದುಮಲೆ, ಪಕ್ಕದಲ್ಲಿ ವಯನಾಡು.

ಸಂಕ್ರಾಂತಿ ಕಳೆದರೆ ಹುಲ್ಲು ಒಣಗಿ ನಿಂತಿರುತ್ತದೆ. ಆಗ ಫೈರ್ ವಾಚರ್ ಅಂತ ದಿನಗೂಲಿಗೆ ಜನ ತೆಗೆದುಕೊಳ್ಳುತ್ತಾರೆ, ಹಾಡಿಗಳ ಜೇನುಕುರುಬರು, ಸೋಲಿಗರು, ನಮ್ಮಂಥ ಕಾಡಂಚಿನ ಊರಿನವರು. ನಮ್ಮ ಮಾವ ಆರೇಳು ವರ್ಷ ಹೋಗಿದ್ದಾರೆ. ಮೊದಲ ಕೆಲಸ ಬೆಂಕಿ ರೇಖೆ: ರಸ್ತೆ ಬದಿ, ಗಡಿ ಉದ್ದಕ್ಕೂ ಹುಲ್ಲು ಸವರಿ, ಇಬ್ಬನಿ ಬೀಳುತ್ತಿರುವಾಗಲೇ ಸುಟ್ಟು ಬೋಳು ಮಾಡುವುದು, ಮುಂದೆ ಬೆಂಕಿ ಬಂದರೆ ದಾಟಬಾರದು ಅಂತ. ಆಮೇಲೆ ಎಲ್ಲಾದರೂ ಹೊತ್ತಿಕೊಂಡರೆ ಹಸಿ ಸೊಪ್ಪು ಮುರಿದುಕೊಂಡು ಬಡಿಯುವುದು. ಹೌದು, ಸೊಪ್ಪೇ. ಈಗ ಗಾಳಿ ಊದಿ ತರಗು ಸರಿಸುವ ಬ್ಲೋವರ್ ಬಂದಿವೆ, ಜೀಪಿಗೆ ನೀರಿನ ಟ್ಯಾಂಕ್ ಕೂರಿಸಿದ್ದಾರೆ, ಸುಳ್ಳು ಹೇಳಬಾರದು. ಆದರೆ ಮಾವ ಹೋಗುತ್ತಿದ್ದದ್ದು ಹವಾಯಿ ಚಪ್ಪಲಿಯಲ್ಲಿ. 2017ರ ಫೆಬ್ರವರಿಯಲ್ಲಿ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರೇ ಸುಟ್ಟು ಸತ್ತರು.

2019ರದ್ದು ನೀವೂ ಟೀವಿಯಲ್ಲಿ ನೋಡಿರುತ್ತೀರಿ. ಫೆಬ್ರವರಿ 21ಕ್ಕೆ ಹೊತ್ತಿದ್ದು, ಗೋಪಾಲಸ್ವಾಮಿ ಬೆಟ್ಟದ ಕಡೆ ಗಾಳಿಗೆ ಹಬ್ಬಿ ಸಾವಿರಾರು ಎಕರೆ ಹೋಯಿತು. ವಾಯುಪಡೆಯ ಹೆಲಿಕಾಪ್ಟರ್ ದೊಡ್ಡ ಬಕೆಟ್ ನೇತುಹಾಕಿಕೊಂಡು ಬಂದದ್ದು 25ಕ್ಕೆ. ಬೇಡ ಅನ್ನುವುದಿಲ್ಲ, ಮನುಷ್ಯ ಹತ್ತಲಾಗದ ಜಾಗಕ್ಕೆ ಅದೇ ಬೇಕು. ಆದರೆ ಅಲ್ಲಿಯವರೆಗೆ ಹಗಲು ರಾತ್ರಿ ಬಡಿದವರು ಯಾರು ಅಂತ ಯಾವ ಚಾನೆಲ್ಲೂ ತೋರಿಸಲಿಲ್ಲ, ತೋರಿಸಿದ್ದು ಬಕೆಟ್ಟನ್ನೇ.

ಉಪಗ್ರಹ ಇದೆಯಲ್ಲ ಅನ್ನಬಹುದು. ಇದೆ. ಅದಕ್ಕೆ ಬೆಂಕಿ ಕಂಡರೆ ಡೆಹ್ರಾಡೂನಿನ ಅರಣ್ಯ ಸಮೀಕ್ಷೆಯವರು ಮೊಬೈಲಿಗೆ ಸಂದೇಶ ಕಳಿಸುತ್ತಾರೆ. ಆದರೆ ಉಪಗ್ರಹ ಹಾದುಹೋಗುವುದು ದಿನಕ್ಕೆ ಕೆಲವೇ ಸಲ. ಒಣಹುಲ್ಲಿನ ಬೆಂಕಿ ಅಷ್ಟು ಹೊತ್ತು ಕಾಯುತ್ತದಾ? ಮೊದಲು ಹೊಗೆ ಕಾಣುವುದು ದನ ಮೇಯಿಸುವವನಿಗೇ. ಒಂದೊಂದು ಸಲ ಹಚ್ಚಿದವನೂ ಅವನೇ ಆಗಿರುತ್ತಾನೆ, ಅದು ಬೇರೆ ಮಾತು.

ದೆಹಲಿಯಲ್ಲಿ ಏನೂ ಆಗಿಲ್ಲ ಅಂತಲ್ಲ. 2017ರಿಂದ ಕಾಡ್ಗಿಚ್ಚಿಗೇ ಅಂತ ಒಂದು ಯೋಜನೆ ಇದೆ, ನಮ್ಮಂಥ ರಾಜ್ಯದಲ್ಲಿ ನೂರು ರೂಪಾಯಿ ಖರ್ಚಿಗೆ ಕೇಂದ್ರದ್ದು 60, ರಾಜ್ಯದ್ದು 40. 2018ರಲ್ಲಿ ರಾಷ್ಟ್ರೀಯ ಕ್ರಿಯಾ ಯೋಜನೆಯೂ ಬಂತು. ಇದರ ಮೇಲೆ ಹೊಸ ಸಮವಸ್ತ್ರದ ರಾಷ್ಟ್ರೀಯ ಪಡೆಯೊಂದು ಬೇಕು ಅಂತ ಕೆಲವರಿಗೆ ಅನಿಸುತ್ತದೆ. ನನಗೆ ಹಾಗನಿಸುವುದಿಲ್ಲ. ಡಿಸೆಂಬರಿನಿಂದ ಮೇವರೆಗೆ ಈ ಮೂರು ಕಾಡಿಗೂ ಒಬ್ಬರೇ ಹೊಣೆ ಇರಲಿ, ಮೂರು ಕಡೆಯವರಿಗೂ ಒಂದೇ ವಾಕಿಟಾಕಿ ಚಾನೆಲ್ ಇರಲಿ, ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ. ಕನ್ನಡ, ತಮಿಳು, ಮಲಯಾಳ ಮೂರೂ ಬಲ್ಲವರು ಇಲ್ಲಿ ಬೇಕಾದಷ್ಟಿದ್ದಾರೆ.

ಇನ್ನೊಂದು ಮಾತು ಸ್ವಲ್ಪ ಜಗಳದ್ದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಮೊದಲು ವರ್ಷದ ಶುರುವಿನಲ್ಲೇ ತರಗು ಬೆಂಕಿ ಹಾಕುತ್ತಿದ್ದರು, ಉದುರಿದ ಎಲೆ ಮೇಲಷ್ಟೇ ಹಾದುಹೋಗುವ ತೆಳು ಬೆಂಕಿ. ವನ್ಯಜೀವಿ ಕಾನೂನು ಬಂದ ಮೇಲೆ ಅದು ನಿಂತಿತು. ತರಗು ಬೆಂಕಿ ನಿಂತಿದ್ದಕ್ಕೇ ಲಂಟಾನ ತುಂಬಿಕೊಂಡಿತು ಅನ್ನುತ್ತಾರೆ ಅವರು. ಎಲ್ಲ ಕಡೆ ಹಚ್ಚಿ ಅನ್ನುವುದಿಲ್ಲ, ಆದರೆ ಯಾವ ತಿಂಗಳು, ಯಾವ ಗಾಳಿಗೆ ಹಚ್ಚಬಹುದು ಅಂತ ಗೊತ್ತಿರುವವರನ್ನು ಕೂರಿಸಿ ಕೇಳಬಹುದಲ್ವಾ?

ಈಗ ಅಂಥವರನ್ನು ಮಳೆ ಬಿದ್ದ ಮೇಲೆ ಬರಬೇಡಿ ಅನ್ನುತ್ತಾರೆ. ಮಳೆಗಾಲದಲ್ಲೂ ಕೆಲಸ ಇದೆ, ಲಂಟಾನ ಕೀಳುವುದೇ ಮುಗಿಯದಷ್ಟಿದೆ. ಮಾವ ಎರಡು ವರ್ಷದಿಂದ ಶುಂಠಿ ಹೊಲಕ್ಕೆ ಹೋಗುತ್ತಿದ್ದಾರೆ, ಅಲ್ಲಿ ವಾರ ವಾರ ಕೂಲಿ ಕೈಗೆ ಸಿಗುತ್ತದೆ. ಅವರ ಬದಲಿಗೆ ಈ ಸಲ ಹೋಗಿರುವ ಹುಡುಗನಿಗೆ ಗಾಳಿ ತಿರುಗಿದರೆ ಯಾವ ಕಡೆ ಓಡಬೇಕು ಅಂತ ಇನ್ನೂ ಗೊತ್ತಿಲ್ಲ.