ಫೋನಿನಲ್ಲಿ ಹೇಳಿದ್ದು, ಕಥೆಗೆಂದು ಎತ್ತಿಟ್ಟದ್ದು

ಅಕ್ಕ ಎಂದು ಕರೆದು ಬರೆದಿದ್ದೀಯ, ಆದ್ದರಿಂದ 'ನೀವು' ಬಿಟ್ಟು 'ನೀನು' ಎಂದೇ ಬರೆಯುತ್ತೇನೆ. ನೀನು ಅಮೆರಿಕಕ್ಕೆ ಬಂದು ಆರು ವಾರವಾಗಿದೆ. ಮಾನವಶಾಸ್ತ್ರದಲ್ಲಿ ಪಿಎಚ್.ಡಿ. ಶುರುವಾಗಿದೆ. ಮದುವೆಯಾಗಿ ಒಂದೂವರೆ ವರ್ಷ, ಗಂಡ ಭಾರತದಲ್ಲೇ ಕೆಲಸದಲ್ಲಿದ್ದಾರೆ. ಬರುವ ಮುಂಚೆ ನಾಲ್ಕಾರು ಕಥೆ ಪ್ರಕಟವಾಗಿದ್ದವು, ಬಂದ ಮೇಲೆ ಒಂದು ಸಾಲೂ ಆಗಿಲ್ಲ. 'ಓದು, ಬರವಣಿಗೆ, ದೂರದ ದಾಂಪತ್ಯ ಮೂರನ್ನೂ ನೀವು ಹೇಗೆ ಸರಿದೂಗಿಸಿದಿರಿ' ಎಂದು ಕೇಳಿದ್ದೀಯ. ನಿನ್ನ ಗಂಡ ಕೆಲಸ ಬಿಟ್ಟು, ವಿದ್ಯಾರ್ಥಿಗಳ ಗಂಡ-ಹೆಂಡತಿಗೆ ಕೊಡುವ ಎಫ್-2 ವೀಸಾದಲ್ಲಿ ಬಂದುಬಿಡುತ್ತೇನೆ ಎನ್ನುತ್ತಿದ್ದಾರಂತೆ, ಏನು ಹೇಳಲಿ ಎಂದೂ ಕೇಳಿದ್ದೀಯ.

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಸರಿದೂಗಿಸಲಿಲ್ಲ. 2008ರ ಆಗಸ್ಟ್‌ನಲ್ಲಿ ಬಂದೆ, 2014ರ ಮೇ ತಿಂಗಳಲ್ಲಿ ಪಿಎಚ್.ಡಿ. ಮುಗಿಯಿತು, ಗಂಡ ಇಲ್ಲಿಗೆ ಬಂದು ನೆಲೆಸಿದ್ದು 2015ರ ಕೊನೆಗೆ. ಈ ಏಳು ವರ್ಷಗಳಲ್ಲಿ ಮೂರೂ ನೆಟ್ಟಗೆ ನಡೆದ ಒಂದೇ ಒಂದು ತಿಂಗಳನ್ನು ತೋರಿಸು ಎಂದರೆ ತೋರಿಸಲಾರೆ. ಓದು ಸಾಗುತ್ತಿದ್ದಾಗ ಕಥೆ ನಿಂತಿರುತ್ತಿತ್ತು. ಕಥೆ ಕೈಹಿಡಿದಾಗ ಗಂಡ ಮುನಿಸಿಕೊಂಡಿರುತ್ತಿದ್ದರು. ಅವರೊಂದಿಗೆ ಹಾಯಾಗಿ ಕಳೆದ ಬೇಸಿಗೆಯಲ್ಲಿ ಗೈಡ್‌ಗೆ ಕೊಡಬೇಕಾದ ಅಧ್ಯಾಯ ಕೊಟ್ಟಿರಲಿಲ್ಲ. ಓದಿಗೆ ಗಡುವಿದೆ, ಕೇಳುವವರಿದ್ದಾರೆ. ಉಳಿದೆರಡಕ್ಕೆ ಅದಿಲ್ಲ. ನೀನು ಕಥೆ ಬರೆಯಲಿಲ್ಲವೆಂದು ಯಾರೂ ಇಮೇಲ್ ಕಳಿಸುವುದಿಲ್ಲ. ಗಂಡನೊಡನೆ ನೆಟ್ಟಗೆ ಮಾತನಾಡದಿದ್ದರೆ ಅದು ಆ ವಾರ ತಿಳಿಯುವುದೂ ಇಲ್ಲ. ಆರು ತಿಂಗಳ ನಂತರ ವಿಮಾನದ ಟಿಕೆಟ್ಟಿನ ವಿಚಾರಕ್ಕೆ ಜಗಳವಾದಾಗ ತಿಳಿಯುತ್ತದೆ.

ನಿನ್ನ ಪತ್ರದಲ್ಲಿ ಅನಂತಮೂರ್ತಿಯವರ ಮಾತೂ ಬಂದಿದೆ. ನಾನು ಹೊರಡುವಾಗಲೂ ಮೂವರು ಅದನ್ನೇ ಹೇಳಿ ಕಳಿಸಿದ್ದರು: ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್.ಡಿ. ಮಾಡುತ್ತಲೇ 'ಸಂಸ್ಕಾರ' ಬರೆದರಲ್ಲ! ನಿಜ, 1965ರಲ್ಲಿ ಕಾದಂಬರಿ ಅಚ್ಚಾಯಿತು, ಮರುವರ್ಷ ಡಾಕ್ಟರೇಟೂ ಬಂತು. ಆದರೆ ಈ ಉದಾಹರಣೆ ನನಗೆ ಹುರುಪು ಕೊಟ್ಟದ್ದಕ್ಕಿಂತ ಚಾಟಿ ಬೀಸಿದ್ದೇ ಹೆಚ್ಚು. ಮೊದಲ ವರ್ಷದವಳು ಅದನ್ನು ಗೋಡೆಗೆ ಅಂಟಿಸಿಕೊಳ್ಳದಿರುವುದೇ ಕ್ಷೇಮ.

ಯಾರೂ ನನಗೆ ಮುಂಚಿತವಾಗಿ ಹೇಳದೇ ಇದ್ದ ಸಂಗತಿ ಬೇರೆಯೇ ಇದೆ. ಮೂರೂ ಸಮಯಕ್ಕಾಗಿ ಕಿತ್ತಾಡುತ್ತವೆ ಎಂಬುದು ಬಂದ ವಾರದಲ್ಲೇ ಗೊತ್ತಾಗುತ್ತದೆ. ಆದರೆ ಫೋನೂ ಕಥೆಯೂ ಕಿತ್ತಾಡುವುದು ಸಮಯಕ್ಕಲ್ಲ, ಸರಕಿಗೆ. ಮೊದಲ ಚಳಿಗಾಲದಲ್ಲಿ ನಮ್ಮ ಬಸ್ ನಿಲ್ದಾಣದಲ್ಲಿ ಒಬ್ಬ ಅಜ್ಜಿ ಕೂತಿರುತ್ತಿದ್ದರು. ಬಸ್ ಬಂದಾಗ ಎದ್ದು, ಇದು ಗ್ರಂಥಾಲಯದ ಕಡೆ ಹೋಗುತ್ತದೆಯೇ ಎಂದು ಚಾಲಕನನ್ನು ಕೇಳುವರು. ಹೌದು ಎಂದರೆ ಥ್ಯಾಂಕ್ಸ್ ಹೇಳಿ ಮತ್ತೆ ಬೆಂಚಿನ ಮೇಲೆ ಕೂರುವರು, ಹತ್ತುತ್ತಿರಲಿಲ್ಲ. ಅಂದು ರಾತ್ರಿ ಅವರ ದನಿಯನ್ನು ಅನುಕರಿಸಿ ಗಂಡನಿಗೆ ಹೇಳಿದೆ, ಇಬ್ಬರೂ ನಕ್ಕೆವು, ಆಮೇಲೆ ಇಬ್ಬರಿಗೂ ಒಂದು ಥರ ಆಯಿತು. ಭಾನುವಾರ ಅದನ್ನೇ ಬರೆಯಲು ಕೂತರೆ ಏನೂ ಇರಲಿಲ್ಲ. ಕಥೆ ಫೋನಿನಲ್ಲೇ ಖರ್ಚಾಗಿ ಹೋಗಿತ್ತು.

ಹೀಗೆ ಎರಡು ಮೂರು ಸಲ ಆದ ಮೇಲೆ ನಾನು ಕೂಡಿಡಲು ಶುರು ಮಾಡಿದೆ. ಏನು ವಿಶೇಷ ಎಂದು ಅವರು ಕೇಳಿದರೆ ಏನಿಲ್ಲ ಎನ್ನುತ್ತಿದ್ದೆ. ಒಳ್ಳೆಯದೆಲ್ಲ ನೋಟ್‌ಬುಕ್ಕಿಗೆ, ಅವರಿಗೆ ಉಳಿದದ್ದು. ನಮ್ಮ ಮಾತು ಬರಬರುತ್ತಾ ವರದಿಯಂತಾಯಿತು: ಬಾಡಿಗೆ ಕಟ್ಟಿಯಾಯಿತು, ಅಮ್ಮನ ಮಂಡಿನೋವು ಹಾಗೇ ಇದೆ, ನಾಳೆ ಬೇಗ ಏಳಬೇಕು. ಕಥೆಗಳು ಮಾತ್ರ ಚೆನ್ನಾಗಿ ಬರುತ್ತಿದ್ದವು, ಆದ್ದರಿಂದ ಎಲ್ಲವೂ ಚೆನ್ನಾಗಿದೆ ಎಂದುಕೊಂಡಿದ್ದೆ.

2010ರ ಅಕ್ಟೋಬರಿನಲ್ಲಿ ಅರ್ಹತಾ ಪರೀಕ್ಷೆಯಲ್ಲಿ ಫೇಲಾದೆ. ಎರಡು ವರ್ಷದ ಕೋರ್ಸುಗಳಾದ ಮೇಲೆ ಬರುವ ಈ ಪರೀಕ್ಷೆ ದಾಟಿದರಷ್ಟೇ ಪ್ರಬಂಧ ಬರೆಯುವ ಹಂತ, ನಿನಗೂ ಬರುತ್ತದೆ. ನಮ್ಮ ವಿಭಾಗದಲ್ಲಿ ಇನ್ನೊಂದೇ ಅವಕಾಶವಿತ್ತು, ಜನವರಿಯಲ್ಲಿ. ಗಂಡನಿಗೆ ಪರೀಕ್ಷೆ ಮುಂದಕ್ಕೆ ಹೋಗಿದೆ ಎಂದಷ್ಟೇ ಹೇಳಿದೆ. ಅವರಿಗೇಕೆ ಚಿಂತೆ ಎಂಬುದು ಅರ್ಧ ಕಾರಣ. ಇನ್ನರ್ಧವನ್ನು ಈಗ ಹೇಳಬಹುದು, ಅದು ಒಳ್ಳೆಯ ಕಥೆಯಾಗುತ್ತದೆ ಎಂದು ಫಲಿತಾಂಶದ ಹಾಳೆ ಕೈಯಲ್ಲಿದ್ದಾಗಲೇ ಅನ್ನಿಸಿತ್ತು. ನವೆಂಬರಿನಲ್ಲಿ ಬರೆದೆ. ಹುಡುಗಿಗೆ ಬೇರೆ ಹೆಸರು, ಬೇರೆ ವಿಷಯ. ಅಕ್ಟೋಬರ್ ಬದಲು ಮಾರ್ಚ್, ಹೊರಗೆ ಕರಗುತ್ತಿರುವ ಹಿಮ. ಒಂದು ಪತ್ರಿಕೆಗೆ ಕಳಿಸಿದೆ. ಜನವರಿಯಲ್ಲಿ ಪಾಸಾದೆ, ಅದನ್ನಷ್ಟೇ ಗಂಡನಿಗೆ ಹೇಳಿದೆ, ಅವರು ಕುಣಿದಾಡಿದರು.

ಫೆಬ್ರುವರಿಯ ಒಂದು ಮಧ್ಯಾಹ್ನ ಗ್ರಂಥಾಲಯದಲ್ಲಿದ್ದಾಗ ಅವರ ಕರೆ ಬಂತು. ನನಗೆ ಎರಡು ಗಂಟೆ, ಎಂದರೆ ಅವರಿಗೆ ರಾತ್ರಿ ಒಂದೂವರೆ. ಏನೋ ಆಗಿದೆ ಎಂದು ಮೆಟ್ಟಿಲ ಕಡೆ ಓಡಿದೆ. 'ಕಥೆ ಓದಿದೆ, ಚೆನ್ನಾಗಿದೆ' ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. 'ನೀನು ಫೇಲಾದದ್ದು ಯಾವ ತಿಂಗಳು?'

ಅಕ್ಟೋಬರ್ ಎಂದೆ.

'ಅಕ್ಟೋಬರಿನಲ್ಲಿ ನಾವು ದಿನಾ ಮಾತಾಡಿದ್ದೆವಲ್ಲ' ಎಂದರು. ಕೋಪವಿರಲಿಲ್ಲ, ಲೆಕ್ಕ ತಾಳೆಯಾಗದವರ ದನಿ. ಕೋಪವೇ ಆಗಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ, ಸಂಜೆ ನಾನು ಪಾಠ ಮಾಡಬೇಕಿದ್ದ ತರಗತಿಗೆ ತಡವಾಗಿ ಹೋದೆ.

ಅದಾದ ಮೇಲೆ ನನಗೆ ನಾನೇ ಒಂದು ಕಟ್ಟಳೆ ಹಾಕಿಕೊಂಡೆ. ನನಗೇ ಆದದ್ದು ಮೊದಲು ಅವರಿಗೆ, ಆಮೇಲೆ ಕಾಗದಕ್ಕೆ. ಬಸ್ ನಿಲ್ದಾಣದ ಅಜ್ಜಿಯನ್ನು ಬೇಕಾದರೆ ಎತ್ತಿಡಬಹುದು. ನಿನಗೆ ಬಂದ ಜ್ವರ, ನೀನು ಫೇಲಾದ ಪರೀಕ್ಷೆ, ರಾತ್ರಿ ಸುಮ್ಮಸುಮ್ಮನೆ ಬಂದ ಅಳು, ಇವನ್ನು ಎತ್ತಿಡುವಂತಿಲ್ಲ. ಹೇಳಿದರೆ ಖರ್ಚಾಗುವುದಿಲ್ಲವೇ ಎಂದು ನೀನು ಕೇಳುತ್ತೀಯ. ಸುದ್ದಿಯಾಗಿ ಹೇಳಿದರೆ ಖರ್ಚಾಗುವುದಿಲ್ಲ. ದನಿ ಅನುಕರಿಸಿ, ಕೊನೆಯಲ್ಲೊಂದು ತಿರುವು ಇಟ್ಟು, ಕೇಳುವವರು ನಗುವಂತೆ ಹೇಳಿದರೆ ಆಗುತ್ತದೆ, ಏಕೆಂದರೆ ಅಲ್ಲಿ ನೀನು ಬರೆದೇಬಿಟ್ಟಿರುತ್ತೀಯ, ಬಾಯಲ್ಲಿ. ಗಂಡನಿಗೆ ಬೇಕಾದದ್ದು ಸುದ್ದಿ. ತಿರುವುಗಳನ್ನು ಓದುಗರಿಗೆ ಇಟ್ಟುಕೊಂಡರೆ ಅವರು ಬೇಸರಪಡುವುದಿಲ್ಲ.

ಇನ್ನೊಂದು ಸಂಗತಿ ನನ್ನ ಗಮನಕ್ಕೆ ಬರಲು ಇನ್ನೂ ತಡವಾಯಿತು. ಇಡೀ ದಿನ ಇಂಗ್ಲಿಷಿನಲ್ಲಿ ಓದಿ, ಇಂಗ್ಲಿಷಿನಲ್ಲಿ ಪಾಠ ಮಾಡಿ, ಇಂಗ್ಲಿಷಿನಲ್ಲೇ ಕ್ಷಮೆ ಕೇಳುವವಳ ಬಾಯಲ್ಲಿ ಕನ್ನಡ ಉಳಿದದ್ದು ಆ ಅರ್ಧ ಗಂಟೆಯ ಫೋನಿನಿಂದ. ನನ್ನ ಕಥೆಗಳ ಮಾತುಕತೆಯಲ್ಲಿ ಅವರ ಕಚೇರಿಯ ಜಗಳ, ಅವರ ಗೊಣಗಾಟ, ಬಸ್ಸಿನಲ್ಲಿ ಅವರ ಕಿವಿಗೆ ಬಿದ್ದ ಬೈಗುಳ ಎಲ್ಲ ಇವೆ. ವರದಿ ಒಪ್ಪಿಸುತ್ತಿದ್ದ ಆ ತಿಂಗಳುಗಳಲ್ಲಿ ಬರೆದ ಕಥೆಗಳನ್ನು ಈಗ ಓದಿದರೆ ಪಾತ್ರಗಳೆಲ್ಲ ಅನುವಾದದಂತೆ ಮಾತನಾಡುತ್ತವೆ. ನಿನಗೆ ಆರು ವಾರದಿಂದ ಒಂದು ಸಾಲೂ ಬಾರದಿದ್ದರೆ ಮೇಜಿನ ಮುಂದೆ ಇನ್ನಷ್ಟು ಹೊತ್ತು ಕೂರುವುದು ಮದ್ದಲ್ಲ. ಅವರನ್ನು ಮಾತನಾಡಲು ಬಿಡು, ನೀನು ಕೇಳು.

ಗಡಿಯಾರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನೀನಿರುವುದೂ ನಾನಿದ್ದ ಹಾಗೆ ಅಮೆರಿಕದ ಸೆಂಟ್ರಲ್ ಸಮಯ ವಲಯದಲ್ಲಿ. ಈಗ ಭಾರತ ನಿನಗಿಂತ ಹತ್ತೂವರೆ ಗಂಟೆ ಮುಂದಿದೆ. ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಅಂತರ ಹನ್ನೊಂದೂವರೆಯಾಗುತ್ತದೆ, ಮಾರ್ಚ್ ಎರಡನೇ ಭಾನುವಾರದವರೆಗೆ. ರಾತ್ರಿ ಒಂಬತ್ತೂವರೆಗೆ ಕರೆ ಮಾಡುತ್ತಿದ್ದರೆ ಅವರಿಗೆ ಅಲ್ಲಿಯವರೆಗೆ ಬೆಳಗಿನ ಎಂಟು ಗಂಟೆ, ಆಮೇಲೆ ಒಂಬತ್ತು. ಆ ಒಂದು ಗಂಟೆಯಲ್ಲಿ ಅವರು ಕೆಲಸಕ್ಕೆ ಹೊರಟಿರುತ್ತಾರೆ. ನನ್ನ ಮೊದಲ ನವೆಂಬರಿನಲ್ಲಿ ನಾಲ್ಕು ದಿನ ಅವರು ನನ್ನೊಡನೆ ಅವಸರದಲ್ಲಿ ಮಾತನಾಡಿದರೆಂದು ನಾನು ಮುಖ ಊದಿಸಿಕೊಂಡಿದ್ದೆ. ಅವರು ಬಸ್ಸಿನ ಬಾಗಿಲಲ್ಲಿ ನೇತಾಡುತ್ತಿದ್ದರು. ಇನ್ನೂ ಒಂದಿದೆ. ಈ ಲೆಕ್ಕದಲ್ಲಿ ಅವರು ಯಾವಾಗಲೂ ಬೆಳಗಿನ ಮನುಷ್ಯ, ನೀನು ಯಾವಾಗಲೂ ದಣಿದ ರಾತ್ರಿಯ ಹೆಂಗಸು. ನಮ್ಮ ದೊಡ್ಡ ಜಗಳಗಳೆಲ್ಲ ನನ್ನ ರಾತ್ರಿಗಳಲ್ಲೇ ಆದವು. ಕಷ್ಟದ ಮಾತುಗಳನ್ನು ಶನಿವಾರ ನಿನ್ನ ಬೆಳಿಗ್ಗೆಗೆ ಇಟ್ಟುಕೋ, ಆಗ ಅವರಿಗೆ ಸಂಜೆ.

ಬರೆಯಲು ಜಾಗ ಎಲ್ಲಿ ಎಂದೂ ಕೇಳಿದ್ದೀಯ. ನನ್ನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆ ಇತ್ತು. ಅಲ್ಲಿ ಮೊಬೈಲ್ ಸಿಗ್ನಲ್ ಬರುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಯಂತ್ರಕ್ಕೆ ಬಟ್ಟೆ ಹಾಕಿ, ಒಗೆಯಲು ಅರ್ಧ ಗಂಟೆ, ಒಣಗಲು ಮುಕ್ಕಾಲು ಗಂಟೆ, ಅಷ್ಟೂ ಹೊತ್ತು ಮಡಚುವ ಮೇಜಿನ ಮೇಲೆ ನೋಟ್‌ಬುಕ್ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೆ. ಗೈಡ್ ಕೈಗೂ ಸಿಗುತ್ತಿರಲಿಲ್ಲ, ಗಂಡನ ಕೈಗೂ. ನಾನು ಬರೆಯುತ್ತೇನೆ ಎಂದು ವಿಭಾಗದಲ್ಲಿ ಯಾರಿಗೂ ಹೇಳಿರಲಿಲ್ಲ, ಓದಿನಲ್ಲಿ ಮನಸ್ಸಿಲ್ಲ ಎಂದುಕೊಂಡಾರು ಎಂಬ ಅಂಜಿಕೆ. ಕೊನೆಯ ವರ್ಷ ಗೈಡ್‌ಗೆ ಗೊತ್ತಾದಾಗ, 'ಪ್ರಬಂಧವನ್ನೂ ಅಲ್ಲೇ ಬರೆಯಬಹುದಿತ್ತು' ಎಂದರು. ವಾರಕ್ಕೆ ಎಪ್ಪತ್ತೈದು ನಿಮಿಷ ಕಡಿಮೆಯೇ. ಆದರೆ ನನ್ನ ಮೊದಲ ಸಂಕಲನದ ಆರು ಕಥೆಗಳು ಅಲ್ಲಿಯವು.

ಬರವಣಿಗೆಗೆ ಸಂಬಂಧಿಸಿದ ಒಂದು ಎಚ್ಚರಿಕೆ. ನಿನ್ನಂತೆ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರು ತರಗತಿಗಳು ನಡೆಯುವಾಗ ವಿಶ್ವವಿದ್ಯಾಲಯದ ಒಳಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ, ಹೊರಗೆ ದುಡಿಯಲು ಪ್ರತ್ಯೇಕ ಅನುಮತಿ ಬೇಕು. ಹಾಗಾಗಿ ಯಾರಾದರೂ ಸಂಭಾವನೆ ಕೊಡುವ ಅಂಕಣ ಬರೆಯಲು ಕೇಳಿದರೆ ಒಪ್ಪುವ ಮುನ್ನ ನಿಮ್ಮ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಕೇಳು. ಅಲ್ಲೇ ಐ-20 ಹಾಳೆಯ (ವಿಶ್ವವಿದ್ಯಾಲಯ ಕೊಡುವ ಪ್ರವೇಶಪತ್ರ) ಮೇಲಿನ ಪ್ರಯಾಣದ ಸಹಿಯನ್ನೂ ನೋಡಿಸಿಕೋ, ಊರಿಗೆ ಹೋಗಿ ಮರಳಿ ಬರಲು ಅದು ಬೇಕು, ಅದು ಒಂದು ವರ್ಷದ್ದು. ನಾನು ಟಿಕೆಟ್ ಕೊಂಡು, ಪೆಟ್ಟಿಗೆ ಕಟ್ಟಿ, ಹೊರಡುವ ಹಿಂದಿನ ಸಂಜೆ ಅದರ ತಾರೀಖು ನೋಡಿದವಳು.

ಈಗ ಎಫ್-2. ಈ ವೀಸಾದಲ್ಲಿ ಬಂದವರು ಕೆಲಸ ಮಾಡುವಂತಿಲ್ಲ, ವಿನಾಯಿತಿಯೇ ಇಲ್ಲ. 2010ರ ಬೇಸಿಗೆಯಲ್ಲಿ ನನ್ನವರು ಮೂರು ತಿಂಗಳು ರಜೆ ಹಾಕಿ ಬಂದಿದ್ದರು. ಆಗ ಎಫ್-2ನವರು ಪದವಿಗೆಂದು ಓದುವ ಹಾಗೂ ಇರಲಿಲ್ಲ. 2015ರ ಮೇ ತಿಂಗಳಿಂದ ಅರೆಕಾಲಿಕವಾಗಿ ಓದಬಹುದು, ಇದು ನಿನ್ನವರಿಗೆ ಅನುಕೂಲ. ನನ್ನವರು ಬಂದ ಮೊದಲ ಮೂರು ದಿನ ಇಬ್ಬರೂ ಒಬ್ಬರಿಗೊಬ್ಬರು ನೆಂಟರಂತಿದ್ದೆವು, ಸ್ನಾನಕ್ಕೆ ನೀವು ಮೊದಲು, ಇಲ್ಲ ನೀನು ಎನ್ನುವಷ್ಟು. ಆಮೇಲಿನ ಮೂರು ವಾರ ಚೆನ್ನಾಗಿತ್ತು. ಅಲ್ಲಿಂದಾಚೆ ನಾನು ಸಂಜೆ ಬಾಗಿಲು ತೆರೆದರೆ ಅವರು ಕಿಟಕಿಯ ಬಳಿ ಕುರ್ಚಿಯಲ್ಲಿರುತ್ತಿದ್ದರು. ಪಾರ್ಕಿಂಗ್‌ನಲ್ಲಿದ್ದ ಕಾರುಗಳಲ್ಲಿ ಯಾವುದು ಎಷ್ಟು ಗಂಟೆಗೆ ಹೊರಡುತ್ತದೆ ಎಂದು ಅವರಿಗೆ ಗೊತ್ತಿತ್ತು. ಹದಿನಾಲ್ಕು ವರ್ಷ ಜನರ ನಡುವೆ ದುಡಿದ ಮನುಷ್ಯ. ನನ್ನ ಓದಿನ ಮೇಲೆ ನನಗೇ ಸಿಟ್ಟು ಬಂದದ್ದು ಆ ಕುರ್ಚಿಯನ್ನು ನೋಡಿ.

ಆದ್ದರಿಂದ ನಾವು ಅವರು ಕೆಲಸ ಬಿಡುವುದು ಬೇಡ ಎಂದುಕೊಂಡೆವು. ಅದರ ಬೆಲೆಯನ್ನೂ ತಿಳಿದುಕೋ. ಓದು ಮುಗಿದ ಮೇಲೆ ಇಲ್ಲಿ ಕೆಲಸ ಮಾಡಲು ಸಿಗುವ ಒಪಿಟಿ ಅವಧಿ 12 ತಿಂಗಳು, ವಿಜ್ಞಾನ ತಂತ್ರಜ್ಞಾನದವರಿಗೆ ಇನ್ನೂ 24 ತಿಂಗಳು ಸಿಗುತ್ತದೆ, ನನ್ನಂಥ ಇತಿಹಾಸದವಳಿಗೆ ಇಲ್ಲ. ವಿಶ್ವವಿದ್ಯಾಲಯದ ಕೆಲಸವಾದ್ದರಿಂದ ಎಚ್-1ಬಿ ಎಂಬ ಉದ್ಯೋಗ ವೀಸಾಕ್ಕೆ ನನಗೆ ಲಾಟರಿ ಬೇಕಾಗಲಿಲ್ಲ. 2015ರ ಕೊನೆಗೆ ಅವರು ಎಚ್-4ರಲ್ಲಿ, ಎಂದರೆ ಎಚ್-1ಬಿಯವರ ಗಂಡ-ಹೆಂಡತಿಗೆ ಕೊಡುವ ವೀಸಾದಲ್ಲಿ ಬಂದರು. ಎಚ್-4ನವರಿಗೆ ಕೆಲಸದ ಅನುಮತಿ ಆ ವರ್ಷವೇ ಶುರುವಾಗಿತ್ತು, ಆದರೆ ಅದಕ್ಕೆ ಮೊದಲು ನನ್ನ ಗ್ರೀನ್ ಕಾರ್ಡಿಗಾಗಿ ಸಲ್ಲಿಸುವ ಐ-140 ಎಂಬ ಅರ್ಜಿ ಮಂಜೂರಾಗಬೇಕಿತ್ತು. ಒಂದು ವರ್ಷಕ್ಕಿಂತ ಹೆಚ್ಚು ಕಾದರು, ಮತ್ತೆ ಅದೇ ಕುರ್ಚಿ. ವ್ಯತ್ಯಾಸವಿಷ್ಟೇ, ಈ ಸಲ ಕಾಯುವುದಕ್ಕೆ ಒಂದು ಕೊನೆಯಿತ್ತು.

ನಿನ್ನವರು ಡಿಸೆಂಬರಿನಲ್ಲಿ ಬರಲಿ, ರಾಜೀನಾಮೆ ಕೊಟ್ಟಲ್ಲ, ರಜೆ ಹಾಕಿ. ನಿನಗೂ ಆಗ ತರಗತಿಗಳಿರುವುದಿಲ್ಲ. ಕುರ್ಚಿಯಲ್ಲಿ ಕೂತು ನೋಡಿದ ಮೇಲೆ ಅವರೇ ತೀರ್ಮಾನಿಸಲಿ. ನಿನ್ನದು ಮಾನವಶಾಸ್ತ್ರವಾದ್ದರಿಂದ ಅರ್ಹತಾ ಪರೀಕ್ಷೆಯ ನಂತರ ಕ್ಷೇತ್ರಕಾರ್ಯಕ್ಕೆ ವರ್ಷಗಟ್ಟಲೆ ಹೊರಗಿರಬೇಕಾಗುತ್ತದೆ. ಆ ಕ್ಷೇತ್ರ ಅವರಿರುವ ಕಡೆಗೆ ಹತ್ತಿರವಿರಲಿ ಎಂದು ಈಗಿನಿಂದಲೇ ಗೈಡ್ ಬಳಿ ಮಾತು ತೆಗೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಾನು ದಾಖಲೆಗಳ ನೆಪದಲ್ಲಿ ಒಂಬತ್ತು ತಿಂಗಳು ಹೋಗಿ ಅವರೊಂದಿಗಿದ್ದೆ.

ಪರೀಕ್ಷೆಯಲ್ಲಿ ಫೇಲಾದ ಹುಡುಗಿಯ ಆ ಕಥೆಯನ್ನು ಸಂಕಲನಕ್ಕೆ ಸೇರಿಸುವ ಮುಂಚೆ ಗಂಡನನ್ನು ಕೇಳಿದೆ, ಬೇಡವೆಂದರೆ ತೆಗೆದುಬಿಡುತ್ತೇನೆ ಎಂದೆ. ಕರಡನ್ನು ಓದಲಿಲ್ಲ, ಹಾಗೇ ವಾಪಸು ಕೊಟ್ಟರು. 'ಇರಲಿ, ಮಾರ್ಚ್ ಎಂದಿರುವುದನ್ನು ಅಕ್ಟೋಬರ್ ಎಂದು ತಿದ್ದು' ಎಂದರು. ತಿದ್ದಿದೆ. ಹಿಮ ಕರಗುವ ಪ್ಯಾರಾ ಪೂರ್ತಿ ತೆಗೆಯಬೇಕಾಯಿತು, ಚೆನ್ನಾಗಿತ್ತು ಅದು.