ಹಂಬನ್‌ತೋಟದ ಕತೆ ಪೂರ್ತಿ ಬರೆಯಿರಿ

ನಮಸ್ಕಾರ.

ನಿಮ್ಮ ‘ಚೀನಾದ ಹಿಡಿತದಲ್ಲಿ ಏಷ್ಯಾ’ ಲೇಖನ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಬರವಣಿಗೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಲಾವೋಸ್, ಪಾಕಿಸ್ತಾನ, ಮಲೇಷ್ಯಾ, ಶ್ರೀಲಂಕಾ ಎಲ್ಲವೂ ಒಂದೊಂದು ಸಾಲಿನಲ್ಲಿ ಬಂದು ಹೋಗುತ್ತವೆ. ಎಲ್ಲ ಕಡೆಯೂ ಚೀನಾ ಆಡಿಸುತ್ತದೆ, ಉಳಿದವರು ಸುಮ್ನೆ ಆಡುತ್ತಾರೆ. ಆ ದೇಶಗಳಿಗೂ ಸರ್ಕಾರಗಳಿವೆ, ಅವುಗಳಿಗೂ ಲೆಕ್ಕಾಚಾರ ಇರುತ್ತದೆ ಅಲ್ವಾ?

‘ಸಾಲ ತೀರಿಸಲಾಗದೆ ಶ್ರೀಲಂಕಾ ಹಂಬನ್‌ತೋಟ ಬಂದರನ್ನೇ ಚೀನಾಕ್ಕೆ ಬರೆದುಕೊಟ್ಟಿತು’ ಎಂದಿದ್ದೀರಿ. ನಡೆದದ್ದು ಹಾಗಲ್ಲ. ಅಲ್ಲಿ ಬಂದರು ಬೇಕು ಎಂದು ಹಟ ಹಿಡಿದದ್ದು ಶ್ರೀಲಂಕಾ ಸರ್ಕಾರವೇ. ಚೀನಾ ಬರುವ ಮೊದಲೇ ಕೆನಡಾ, ಡೆನ್ಮಾರ್ಕಿನ ಕಂಪನಿಗಳು ಆ ಯೋಜನೆಯ ಅಧ್ಯಯನ ಮಾಡಿದ್ದವು. ಅಧ್ಯಕ್ಷರಾಗಿದ್ದ ಮಹಿಂದ ರಾಜಪಕ್ಸ ಅವರದು ಅದೇ ಜಿಲ್ಲೆ. 2007ರಲ್ಲಿ ಚೀನಾದ ಎಕ್ಸಿಮ್ ಬ್ಯಾಂಕ್ ಸಾಲ ಕೊಟ್ಟಿತು. 2010ರಲ್ಲಿ ಬಂದರು ಶುರುವಾಯಿತು, ಆದರೆ ನೆನೆಸಿದಷ್ಟು ಹಡಗುಗಳು ಬರಲಿಲ್ಲ. 2017ರಲ್ಲಿ ಬೇರೆ ಸರ್ಕಾರ ಅದನ್ನು ಚೀನಾದ ಕಂಪನಿಗೆ 99 ವರ್ಷಕ್ಕೆ ಗುತ್ತಿಗೆ ಕೊಟ್ಟಿತು. ಬಂದ ಸುಮಾರು 112 ಕೋಟಿ ಡಾಲರ್‌ನಿಂದ ಬಂದರಿನ ಸಾಲ ಚುಕ್ತಾ ಆಗಲಿಲ್ಲ. ವಿದೇಶಿ ವಿನಿಮಯದ ಕೊರತೆ ತುಂಬಲು ಆ ದುಡ್ಡು ಬೇಕಾಗಿತ್ತು. ಸಾಲ ಸರ್ಕಾರದ ತಲೆಯ ಮೇಲೇ ಉಳಿಯಿತು. 2022ರಲ್ಲಿ ದೇಶ ಸಾಲ ಕಟ್ಟಲಾಗದೆ ಕೈಚೆಲ್ಲಿದಾಗ ಹೊರಗಿನ ಸಾಲದಲ್ಲಿ ಜಾಸ್ತಿ ಪಾಲು ಇದ್ದದ್ದು ಚೀನಾದ್ದಲ್ಲ, ಅಂತರರಾಷ್ಟ್ರೀಯ ಬಾಂಡ್‌ಗಳದ್ದು, ಅಂದರೆ ಹೊರಗಿನ ಹೂಡಿಕೆದಾರರಿಗೆ ಮಾರಿದ ಸಾಲಪತ್ರಗಳದ್ದು.

ಹಾಗಂತ ಚೀನಾವನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ. 2022ರ ಆಗಸ್ಟ್‌ನಲ್ಲಿ, ಭಾರತ ಆತಂಕ ಹೇಳಿಕೊಂಡರೂ, ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯುವ ಚೀನಾದ ಯುವಾನ್ ವಾಂಗ್ 5 ಹಡಗು ಅದೇ ಬಂದರಿಗೆ ಬಂದು ನಿಂತಿತು. ಪ್ರಭಾವ ಎಂದರೆ ಇದು. ನಿಮ್ಮ ಲೇಖನದಲ್ಲಿ ಇದರ ಸುದ್ದಿಯೇ ಇಲ್ಲ.

ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದವಾದ ಆರ್‌ಸಿಇಪಿಯನ್ನು ‘ಚೀನಾ ಕಟ್ಟಿದ ಕೂಟ’ ಎಂದಿರುವುದೂ ತಪ್ಪು. ಅದನ್ನು ಶುರುಮಾಡಿದ್ದು ಆಗ್ನೇಯ ಏಷ್ಯಾದ ಆಸಿಯಾನ್ ಒಕ್ಕೂಟದ ದೇಶಗಳು. ಜಪಾನ್, ಆಸ್ಟ್ರೇಲಿಯಾ ಕೂಡ ಅದರಲ್ಲಿವೆ. 2019ರಲ್ಲಿ ಭಾರತ ಹೊರಬರಲು ಚೀನಾದ ಅಗ್ಗದ ಮಾಲೊಂದೇ ಕಾರಣವಲ್ಲ. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದರೆ ತಮ್ಮ ಗತಿ ಏನು ಎಂದು ಹಾಲು ಉತ್ಪಾದಕರು, ಕರ್ನಾಟಕದವರೂ ಸೇರಿ, ವಿರೋಧಿಸಿದ್ದರು.

ಉಳಿದ ದೇಶಗಳನ್ನು ಸದ್ಯಕ್ಕೆ ಬಿಡಿ. ಹಂಬನ್‌ತೋಟ ಒಂದನ್ನೇ ಹಿಡಿದು ಬರೆಯಿರಿ. ಶ್ರೀಲಂಕಾದ ಪತ್ರಿಕೆಗಳನ್ನು, ಅಲ್ಲಿನ ಕೇಂದ್ರ ಬ್ಯಾಂಕಿನ ವರದಿಗಳನ್ನು ಓದಿ. 2017ರ ಜನವರಿಯಲ್ಲಿ, ಬಂದರಿನ ಬಳಿ ಬರಲಿದ್ದ ಚೀನಾದ ಕೈಗಾರಿಕಾ ವಲಯಕ್ಕೆ ತಮ್ಮ ಜಮೀನು ಹೋಗುತ್ತದೆ ಎಂದು ಅಲ್ಲಿನ ಜನ ಬೀದಿಗಿಳಿದಿದ್ದರು. ಅವರ ಮಾತು ಲೇಖನದಲ್ಲಿ ಬರಲೇಬೇಕು. ಬರೆದು ನನಗೇ ಕಳಿಸಿ, ಕಾಯುತ್ತಿರುತ್ತೇನೆ.

ಸಂಪಾದಕ