ರೋಗಿಯ ಪರ ನಿಲ್ಲೋದೂ ಡಾಕ್ಟರ ಕೆಲಸವಾ?

ನೀವು ಕೇಳಿದ್ದು ಎರಡು: ದೊಡ್ಡ ಆಸ್ಪತ್ರೆ ಬಿಟ್ಟು ಫ್ಯಾಮಿಲಿ ಡಾಕ್ಟರ್ ಆಗಿದ್ದು ಯಾಕೆ, ಮತ್ತೆ ರೋಗಿಯ ಪರ ಮಾತಾಡೋದು ನಿಜಕ್ಕೂ ನಮ್ಮ ಕೆಲಸವಾ ಅಂತ. ನನ್ನ ಮಟ್ಟಿಗೆ ಎರಡಕ್ಕೂ ಕಾರಣ ಒಂದೇ, ನಮ್ಮಜ್ಜಿ.

ನಾನಾಗ ಹೈಸ್ಕೂಲಲ್ಲಿದ್ದೆ. ಅಜ್ಜಿ ಆಸ್ಪತ್ರೆಯಿಂದ ಮನೆಗೆ ಬಂದ ಕೆಲವೇ ವಾರಕ್ಕೆ ಪಾದ ಎರಡೂ ಊದಿಕೊಂಡವು. ಒಬ್ಬ ಡಾಕ್ಟರು ನೀರು ಇಳಿಯೋ ಮಾತ್ರೆ ಬರೆದುಕೊಟ್ಟರು. ಆಮೇಲೆ ಎದ್ದು ನಿಂತರೆ ತಲೆಸುತ್ತು. ಒಂದು ರಾತ್ರಿ ಬಚ್ಚಲ ಬಾಗಿಲಲ್ಲಿ ಬಿದ್ದೇಬಿಟ್ಟರು. ಕೊನೆಗೆ ತೋರಿಸಿದ್ದು ಒಬ್ಬ ಫ್ಯಾಮಿಲಿ ಡಾಕ್ಟರಿಗೆ. "ಅಜ್ಜಿ, ಮನೇಲಿರೋ ಮಾತ್ರೆ ಎಲ್ಲಾ ಒಂದು ಚೀಲಕ್ಕೆ ಹಾಕ್ಕೊಂಡು ಬನ್ನಿ" ಅಂದರು.

ಮೇಜಿನ ಮೇಲೆ ಒಂದೊಂದೇ ಶೀಟು ಹರಡಿ, ಬೆನ್ನ ಮೇಲಿನ ಸಣ್ಣಕ್ಷರ ನನ್ನ ಕೈಲಿ ಓದಿಸಿದರು. ಎರಡು ಶೀಟು, ಬೇರೆ ಬೇರೆ ಬಣ್ಣ, ಬೇರೆ ಬೇರೆ ಕಂಪನಿ. ಒಳಗಿದ್ದದ್ದು ಮಾತ್ರ ಒಂದೇ ಬಿಪಿ ಔಷಧಿ, ಆಮ್ಲೊಡಿಪಿನ್. ಹೊಸದು ಶುರುಮಾಡಿದವರು ಹಳೇದನ್ನು ನಿಲ್ಲಿಸಿ ಅಂತ ಹೇಳಿರಲಿಲ್ಲ. ಪಾದ ಊದೋದು ಆ ಔಷಧಿಯದೇ ಅಡ್ಡಪರಿಣಾಮ, ಡೋಸ್ ಏರಿದಷ್ಟೂ ಜಾಸ್ತಿ. ಅದನ್ನ ಹೊಸ ಕಾಯಿಲೆ ಅಂದ್ಕೊಂಡು ಇನ್ನೊಂದು ಮಾತ್ರೆ ಸೇರಿಸಿದ್ದರು. ಇದಕ್ಕೆ 'ಪ್ರಿಸ್ಕ್ರೈಬಿಂಗ್ ಕ್ಯಾಸ್ಕೇಡ್' ಅನ್ನೋ ಹೆಸರೇ ಇದೆ ಅಂತ ಮೆಡಿಕಲ್ ಓದುವಾಗ ತಿಳಿದು ಸಂಕಟವಾಯ್ತು. ಹೆಸರಿಡುವಷ್ಟು ಸಾಮಾನ್ಯ ಅಂತಾಯ್ತಲ್ಲ!

ಆದರೆ ಮರೆಯೋಕಾಗದ್ದು ಅಜ್ಜಿ ಮೆಲ್ಲಗೆ ಕೇಳಿದ ಮಾತು: "ಇದನ್ನೆಲ್ಲ ನಾನೇ ಕೇಳಬಹುದಿತ್ತಾ ಡಾಕ್ಟ್ರೇ?"

ಕೇಳಬಹುದಿತ್ತು. ಸಾಕಷ್ಟು ಮಾಹಿತಿ ಪಡೆದ ಮೇಲೆ ಚಿಕಿತ್ಸೆ ಒಪ್ಪುವ ಇಲ್ಲವೇ ಬೇಡವೆನ್ನುವ ಹಕ್ಕು ರೋಗಿಗಿದೆ ಅಂತ ವಿಶ್ವ ವೈದ್ಯಕೀಯ ಸಂಘ 1981ರ ಲಿಸ್ಬನ್ ಘೋಷಣೆಯಲ್ಲೇ ಹೇಳಿದೆ. ಅದನ್ನ ಬರೆದವರು ಡಾಕ್ಟರುಗಳೇ. ಹಾಗಾಗಿ ಇದು ನಮ್ಮ ಕೆಲಸವಾ ಅನ್ನೋ ಅನುಮಾನ ನನಗಿಲ್ಲ.

ಕಷ್ಟವಿರೋದು ರೂಢಿ ಮಾಡಿಕೊಳ್ಳೋದರಲ್ಲಿ. 1984ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಬೆಕ್‌ಮನ್ ಮತ್ತು ಫ್ರಾಂಕೆಲ್ ಅನ್ನೋ ಸಂಶೋಧಕರು ಅಮೆರಿಕದಲ್ಲಿ ಡಾಕ್ಟರು-ರೋಗಿ ಮಾತುಕತೆಗಳನ್ನು ಧ್ವನಿಮುದ್ರಿಸಿ ಕೇಳಿದಾಗ, ರೋಗಿ ಬಾಯಿಬಿಟ್ಟ ಸರಾಸರಿ 18 ಸೆಕೆಂಡಿಗೆ ಡಾಕ್ಟರು ಅಡ್ಡಬಂದಿದ್ದರು. ಇಂಟರ್ನ್ ಆಗಿದ್ದಾಗ ನಾನೂ ಹಾಗೇ ಇದ್ದೆ, ಹೊರಗೆ ಕಾಯೋರ ಸಾಲು ನೋಡಿ ಅವಸರ. ಈಗ ಮೊದಲು ಸುಮ್ಮನೆ ಕೇಳಿಸಿಕೊಳ್ತೀನಿ. ಕೊನೆಗೆ "ಅರ್ಥ ಆಯ್ತಾ?" ಅನ್ನಲ್ಲ, ಯಾಕೆಂದರೆ ಅದಕ್ಕೆ ಎಲ್ಲರೂ ಹೂಂ ಅಂತಾರೆ. "ಮನೆಗೆ ಹೋಗಿ ಇದನ್ನ ಮಗಳಿಗೆ ಹೇಗೆ ಹೇಳ್ತೀರಿ, ನನಗೊಮ್ಮೆ ಹೇಳಿ" ಅಂತೀನಿ. ತಪ್ಪಿದ್ದರೆ ನಾನು ಹೇಳಿದ್ದು ಸರಿಯಿರಲಿಲ್ಲ ಅಂತ, ಮತ್ತೆ ಹೇಳ್ತೀನಿ.

ನೀವು ಮೆಡಿಕಲ್ ಸೇರೋ ಯೋಚನೆಯಲ್ಲಿದ್ದರೆ ಇದೂ ಗೊತ್ತಿರಲಿ: ಪರ ನಿಲ್ಲೋದು ಅಂದರೆ ಬಹುಪಾಲು ಫೋನು ಮತ್ತೆ ಪತ್ರ. ನನ್ನ ರೋಗಿಗಳು ಹೆಚ್ಚಾಗಿ ಅಡ್ಮಿಟ್ ಆಗೋ ಆಸ್ಪತ್ರೆಗೆ ಮೂರು ಸಲ ಬರೆದ ಮೇಲೆ ಅವರ ಡಿಸ್ಚಾರ್ಜ್ ಸಮ್ಮರಿಯಲ್ಲಿ 'ನಿಲ್ಲಿಸಬೇಕಾದ ಮಾತ್ರೆಗಳು' ಅಂತ ಒಂದು ಜಾಗ ಬಂತು. ಕೆಲವೊಮ್ಮೆ ಅದು ಖಾಲಿ ಬರುತ್ತೆ. ಆಗ ರೋಗಿಯನ್ನ ಎದುರಿಗೆ ಕೂರಿಸಿಕೊಂಡೇ ಅಲ್ಲಿಗೆ ಫೋನ್ ಮಾಡ್ತೀನಿ.